ಬಾವಿಯೂ ಯೂರಿಯಾ ಉಂಡಿತ್ತು

ಹುಕ್ಕೇರಿಯ ತವರಿನಿಂದ ಕೂಸಿನೊಂದಿಗೆ ಮರಳಿದ ಸೊಸೆ ನಮ್ಮ ಬಾವಿ ನೀರಿನಲ್ಲಿ ಅದ್ದಿದ ಪರೀಕ್ಷೆಯ ಕಾಗದದ ಪಟ್ಟಿ ನೋಡನೋಡುತ್ತ ಕಡುಗುಲಾಬಿಗೆ ತಿರುಗಿತು. ನೈಟ್ರೇಟ್ ಜಾಸ್ತಿ ಇದೆ, ಕೂಸಿನ ಬಾಟಲಿ ಹಾಲಿಗೆ ಈ ನೀರು ಕೂಡದು ಎಂದಳು. ಕೌಜಲಗಿಯಲ್ಲೇ ಇಂಥ ಸಿಹಿನೀರಿಲ್ಲವೆಂದು ಬಂದವರಿಗೆಲ್ಲ ತಂಬಿಗೆ ಹಿಡಿಯುವ ನಮ್ಮ ಯಜಮಾನರ ಮುಖ ನೋಡಬೇಕಿತ್ತು!

"ಕುದಿಸಿ ಕೊಟ್ರ ಆತ್ ಬಿಡವಾ" ಎಂದರು.

"ಕುದಿಸಿದ್ರ ನೀರಷ್ಟ ಕಡಿಮಿ ಆಗ್ತೈತ್ರಿ ಮಾವಾರ, ಅದು ಹಂಗ ಉಳೀತೈತಿ."

ಕಾಲುವೆ ನೀರಿನ ಪಾಳಿ ಬಂದಾಗಲೆಲ್ಲ ಇವರು ಕಬ್ಬಿಗೆ ಯೂರಿಯಾ ಉಗ್ಗಿ, ಸಾಲು ತುಂಬಿ ತುಳುಕುವಷ್ಟು ನೀರು ಬಿಡುತ್ತಿದ್ದರು. ಬೇರಿಗೆ ದಕ್ಕದೆ ಉಳಿದದ್ದು ಮಣ್ಣಿನಲ್ಲಿ ನೈಟ್ರೇಟ್ ಆಗಿ, ನೀರಿನೊಂದಿಗೆ ಕೆಳಗಿಳಿದು, ಹೊಲದ ತಗ್ಗಿನಲ್ಲಿರುವ ಬಾವಿ ಸೇರಿತ್ತು. ನಾನು ಸುಮ್ಮನಿರುತ್ತೇನೆಯೇ? "ಕಬ್ಬಿಗೆ ಒಂದ ತುತ್ತು, ಬಾವಿಗೆ ಎರಡ ತುತ್ತು ಉಣಿಸೀರಿ ನೋಡ್ರಿ" ಎಂದೆ.

ಈಗ ಕೂಸಿಗಾಗಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತರುವವರು ಅವರೇ. ಯೂರಿಯಾವನ್ನು ಸ್ವಲ್ಪಸ್ವಲ್ಪವಾಗಿ ಬುಡಕ್ಕೆ ಹಾಕಿ ಮಣ್ಣು ಮುಚ್ಚುತ್ತಾರೆ, ನೀರನ್ನೂ ಹದವಾಗಿ ಬಿಡುತ್ತಾರೆ. ಯಾರಾದರೂ ರೂಢಿಯಂತೆ ಬಾವಿ ನೀರು ಕೇಳಿದರೆ ಮಾತ್ರ ಗಂಭೀರವಾಗಿ ಹೇಳುತ್ತಾರೆ: "ಬಾವಿ ಪಥ್ಯದಾಗ ಐತ್ರಿ, ಮಜ್ಜಿಗಿ ಕುಡೀರಿ."