ನಿವಾಳಿಸಿದ ಉಪ್ಪು

ಏನ್ರಪಾ, ಇವತ್ತು ಮಾನ್ವಿಯ ನಮ್ಮ ಮನ್ಯಾಗ ಆಗಿದ್ದು ಕೇಳ್ರಿ. ಮಧ್ಯಾಹ್ನ ಮೊಬೈಲಿನ್ಯಾಗ ಜಪಾನಿನ ಸುಮೋ ಕುಸ್ತಿ ಲೈವ್ ನೋಡ್ಕೋತ ಬೈಯಾಕತ್ತಿದ್ದೆ. ವರ್ಷಕ್ಕ ಆರು ಪಂದ್ಯಾವಳಿ ಇಟ್ಟು ಪೈಲ್ವಾನರನ್ನ ಕೊಲ್ಲಾಕತ್ತಾರ. ದೊಡ್ಡ ದೊಡ್ಡವರೆಲ್ಲ ಮೊಣಕಾಲಿಗೆ ಪಟ್ಟಿ ಸುತ್ಕೊಂಡು ಅರ್ಧಕ್ಕ ಎದ್ದು ಹೋಗ್ತಾರ. ಮೈ ಬೆಳಸೋರು ಭಾಳ, ಪಟ್ಟು ಕಲಿಯೋರು ಯಾರೂ ಇಲ್ಲ.

ಬಾಜೂಕ ಅಕ್ಕಿ ಹಸನ ಮಾಡಾಕತ್ತಿದ್ದ ನಮ್ಮತ್ತಿ ಇಣುಕಿ ನೋಡಿದ್ರು. ಪೈಲ್ವಾನರಿಬ್ಬರು ಕಣದಾಗ ಉಪ್ಪು ಎರಚಾಕತ್ತಿದ್ರು.

"ಅಯ್ಯ ಯವ್ವಾ, ದೃಷ್ಟಿ ನೆದರ ತಗದ ಉಪ್ಪು ತುಳ್ಯಾಕತ್ತಾರಲ್ಲ! ಮೊಣಕಾಲು ಉಳಿತಾವೇನು?"

"ಅದು ನೆದರ ಅಲ್ರಿ ಅತ್ತಿ, ಕಣ ಶುದ್ಧಿ ಮಾಡ್ತಾರ."

"ಏನರ ಅನ್ನು. ಅಗಾ, ಆ ಕೆಂಪು ಲಂಗೋಟಿಯವ ತುಳದ. ಎಡಗಾಲು."

ಅರ್ಧ ನಿಮಿಷ ಆಗಿರಲಿಲ್ಲ. ಕೆಂಪು ಲಂಗೋಟಿಯವ ಎಡಮೊಣಕಾಲು ಹಿಡ್ಕೊಂಡು ಬಿದ್ದಿದ್ದ, ಏಳಲೇ ಇಲ್ಲ.

"ನೀವು ಅಂದದ್ದಕ್ಕ ಬಿದ್ದ ನೋಡ್ರಿ!" ಅಂತ ಒದರಿದೆ. ಅತ್ತಿ ಮಾರಿ ಸಣ್ಣದಾತು. ಎದ್ದು ಹೋಗಿ ಹಿಡಿ ಉಪ್ಪು ತಂದು, ಮೊಬೈಲಿನ್ಯಾಗಿನ ಆ ಪೈಲ್ವಾನಗ ಮೂರು ಸಲ ನಿವಾಳಿಸಿ, ಹೊಸ್ತಿಲಾಚೆ ಚೆಲ್ಲಿ ಬಂದ್ರು.

ಅಷ್ಟರಾಗ ಪಾರ್ಸೆಲ್‌ನವ ಕೂಗಿದ. ಬರಿಗಾಲಿಲೇ ಓಡಿ ಇಸ್ಕೊಂಡು ಬಂದೆ. ಅತ್ತಿ ನನ್ನ ಪಾದಾನೇ ನೋಡಾಕತ್ತಿದ್ರು. ಅಂಗಾಲಾಗ ಉಪ್ಪಿನ ಹರಳು ಚುಚ್ಚಾಕತ್ತಿತ್ತು.

"ಯಾವ ಕಾಲು, ಯವ್ವಾ?" ಅಂತ ಮೆಲ್ಲಕ ಕೇಳಿದ್ರು.

ಎಡಗಾಲು.

ನಾ ಹೈಸ್ಕೂಲಿನ್ಯಾಗ ವಿಜ್ಞಾನ ಕಲಸಾಕಿ, ಇಂಥಾದ್ದೆಲ್ಲ ನಂಬಂಗಿಲ್ಲ. ಈಗ ಮೊಣಕಾಲಿಗೆ ಪಟ್ಟಿ ಸುತ್ಕೊಂಡು ಕುಂತಿದ್ದು ಬರೇ ಮುಂಜಾಗ್ರತಿಗೆ.