ಲಂಗದ ತುಂಬ ಶೇಂಗಾ ಸಿಪ್ಪೆ

ಅಪ್ಪ ಮನೆಯೊಳಗೂ ರೈಲು ಹಳಿಯ ಮೇಲೆ ನಡೆದಂತೆಯೇ ನಡೆಯುತ್ತಿದ್ದ. ಒಂದು ಮೊಳ, ಮೇಲೊಂದು ಗೇಣು. ಅವನ ಹೆಜ್ಜೆ ಅದಕ್ಕಿಂತ ಹೆಚ್ಚಲಿಲ್ಲ, ಕುಗ್ಗಲಿಲ್ಲ. ಚಳ್ಳಕೆರೆಯ ಆಚೀಚೆ ಹಳಿ ನೋಡಿಕೊಳ್ಳುವ ಕೀಮ್ಯಾನ್ ಆಗಿದ್ದವನು ಅವನು. ಹೆಗಲ ಮೇಲೆ ಸುತ್ತಿಗೆ ಇಟ್ಟುಕೊಂಡು, ಹಳಿಯ ಅಡಿಗೆ ಅಡ್ಡಲಾಗಿ ಹಾಸಿದ ಒಂದು ಸ್ಲೀಪರ್‌ನಿಂದ ಇನ್ನೊಂದಕ್ಕೆ ಕಾಲಿಡುತ್ತ, ಸಡಿಲವಾದಂತೆ ಕಂಡದ್ದನ್ನು ಬಡಿದು, ಸದ್ದು ಕೇಳಿ, ಮುಂದಕ್ಕೆ ಹೋಗುವುದು ಕೆಲಸ. ನಿವೃತ್ತನಾದ ಮೇಲೂ ಪೇಟೆಯ ಡಾಂಬರು ರಸ್ತೆಯಲ್ಲಿ, ನಮ್ಮ ನಡುಮನೆಯಲ್ಲಿ, ಯಾರಿಗೂ ಕಾಣದ ಸ್ಲೀಪರ್‌ಗಳ ಮೇಲೆಯೇ ಕಾಲಿಡುತ್ತಿದ್ದ.

ಏನು ಕಂಡರೂ ಬೆರಳ ಗಿಣ್ಣಿನಿಂದ ಬಡಿದು ನೋಡುವ ಚಾಳಿ ಬೇರೆ. ಹೊಸ ಬಾಗಿಲು, ಕುಂಬಳಕಾಯಿ, ನೀರಿನ ಡ್ರಮ್ಮು. ಒಪ್ಪಿಗೆಯಾದರೆ "ಬಿಗಿ ಐತೆ," ಇಲ್ಲದಿದ್ದರೆ "ಸಡ್ಲ ಐತೆ." ನನ್ನನ್ನು ನೋಡಲು ಬಂದ ಗಂಡು ಎದ್ದುಹೋದ ಮೇಲೆ, ಅವನು ಕೂತಿದ್ದ ಕುರ್ಚಿಗೆ ಬಡಿದು "ಹುಡುಗ ಬಿಗಿ ಅವ್ನೆ" ಎಂದಿದ್ದ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಾಗಲೂ ಅಂಕಪಟ್ಟಿಗೆ ಒಂದು ಸಲ ಬಡಿದ. "ಬಿಗಿ ಐತೆ." ಇನ್ನೊಂದು ಮಾತಿಲ್ಲ.

ಇಂಥವನು ನನ್ನ ಮಗ ನಂದುವಿಗೆ ನಾಲ್ಕು ತುಂಬುವ ಹೊತ್ತಿಗೆ ಮಾತಿನ ಮಲ್ಲನಾಗಿಬಿಟ್ಟ. ನಂದುವಿಗೆ ರೈಲಿನ ಹುಚ್ಚು. ಚಪ್ಪಲಿ, ಲಟ್ಟಣಿಗೆ, ಸೋಪಿನ ಡಬ್ಬಿ ಎಲ್ಲವೂ ಬೋಗಿಗಳೇ. ದಿನಾ ಸಂಜೆ ಅಪ್ಪ ಅವನನ್ನು ಸ್ಟೇಷನ್ನಿಗೆ ಕರೆದೊಯ್ಯುತ್ತಿದ್ದ. ತಾತನ ಒಂದು ಹೆಜ್ಜೆಗೆ ಮೊಮ್ಮಗ ಎರಡೂ ಕಾಲು ಜೋಡಿಸಿ ಕುಪ್ಪಳಿಸಬೇಕಿತ್ತು. ನಾನು ಚಿಕ್ಕವಳಾಗಿದ್ದಾಗ ಅಪ್ಪನ ಸುತ್ತಿಗೆಯ ಹಿಡಿ ಮುಟ್ಟಿದರೆ ಕೈಗೆ ಏಟು ಬೀಳುತ್ತಿತ್ತು. ಇವನಿಗೆಂದು ಬಡಗಿಯ ಹತ್ತಿರ ಮರದ ಸುತ್ತಿಗೆಯನ್ನೇ ಮಾಡಿಸಿದ.

ನನಗೆ ಹೊಟ್ಟೆಕಿಚ್ಚು. ಹೆತ್ತ ಮಗನ ಮೇಲೆ. ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ. ರೈಲ್ವೆಯವರ ಮನೆಮಂದಿಗೆ ಪಾಸು ಸಿಗುತ್ತಿತ್ತು. ನಮ್ಮದು ಟ್ರಂಕಿನಲ್ಲೇ ಇರುತ್ತಿತ್ತು. ಹಳಿಗೆ ಅಪ್ಪ ಕಂಬಿ ಅನ್ನುತ್ತಿದ್ದ. ಕೇಳಿದರೆ, "ದಿನಾ ನೋಡೋ ಕಂಬಿನ ರಜಾದಾಗೂ ನೋಡ್ಬೇಕಾ ತಾಯಿ?" ನಾನು ಮೊದಲ ಸಲ ರೈಲು ಹತ್ತಿದ್ದು ಮದುವೆಯಾದ ಮೇಲೆ.

ಒಂದು ಸಂಜೆ ಇಬ್ಬರೂ ಚಪ್ಪಲಿ ಮೆಟ್ಟಿ ಹೊರಟಾಗ, "ಇವತ್ತು ರೈಲಿಲ್ಲ" ಎಂದುಬಿಟ್ಟೆ. (ಆಗ ಮಳೆ ಬರುತ್ತಿತ್ತು ಎಂದು ಮೊದಲು ಬರೆದಿದ್ದೆ, ನನ್ನ ಸುಳ್ಳಿಗೊಂದು ನೆಪವಿರಲಿ ಎಂದು. ಚಳ್ಳಕೆರೆಯಲ್ಲಿ ಅಷ್ಟು ಸುಲಭಕ್ಕೆ ಮಳೆ ಬರುವುದಿಲ್ಲ. ಹೊಡೆದುಹಾಕಿದ್ದೇನೆ.) ನಂದು ತಾತನ ಮುಖ ನೋಡಿದ. ಯಾವ ಗಾಡಿ ಎಷ್ಟು ತಡ ಎಂದು ನಿದ್ದೆಯಲ್ಲೂ ಹೇಳಬಲ್ಲ ಅಪ್ಪ ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. "ನಿಮ್ಮವ್ವ ಇಲ್ಲ ಅಂದ್ಮೇಲೆ ಇಲ್ಲ ಕಣಲೇ," ಎಂದು ಚಪ್ಪಲಿ ಬಿಟ್ಟ.

ಆಗಲೇ ದೂರದಲ್ಲಿ ಸೀಟಿ ಕೇಳಿಸಿತು.

"ತಾತಾ, ಬಂತು!"

"ಅದು ಎಣ್ಣೆ ಮಿಲ್ಲಿಂದು," ಎಂದ ಅಪ್ಪ.

ಆ ನಾಚಿಕೆಗೇ ಮುಂದಿನ ಭಾನುವಾರ ಎಲ್ಲರನ್ನೂ ನಾನೇ ಹೊರಡಿಸಿದೆ. ಮೊಳಕಾಲ್ಮೂರು ಸ್ಟೇಷನ್‌ವರೆಗೆ ರೈಲು, ಅಲ್ಲಿಂದ ಆಟೋದಲ್ಲಿ ಊರಿಗೆ, ವಾಪಸು ಬಸ್ಸು. ಅವ್ವ ಮಾತ್ರ ಬರಲಿಲ್ಲ. "ಮಂಡಿ ಸವೆದ್ಮೇಲೆ ಕರಿಯಾಕೆ ಬಂದಾನೆ ನಿಮ್ಮಪ್ಪ," ಎಂದು ಒಳಗೆ ಹೋದಳು.

ಕಿಟಕಿ ಪಕ್ಕ ಅಪ್ಪ, ಅವನ ತೊಡೆಯ ಮೇಲೆ ಮರದ ಸುತ್ತಿಗೆ ಹಿಡಿದ ನಂದು, ಎದುರಿಗೆ ಮೊಬೈಲು ನೋಡುತ್ತ ನನ್ನ ಗಂಡ. ಅವನ ಪಕ್ಕ ಕೂತ ನನಗೆ ಸಿಕ್ಕಿದ್ದು ತಿಂಡಿ ಚೀಲ.

"ಈ ತಿರುವು ನೋಡಿದ್ಯೇನಲೇ? ಬ್ಯಾಸಿಗ್ಯಾಗೆ ಕಂಬಿ ಹಿಗ್ತೈತೆ. ಮಟಮಟ ಮಧ್ಯಾಹ್ನ ಇಲ್ಲೇ ಕುಂತು ಕಾಯ್ತಿದ್ದೆ."

"ಒಬ್ನೇನಾ ತಾತ?"

"ಒಬ್ನೇ."

"ನಂಗ್ ಹೇಳಿದ್ರೆ ನಾನ್ ಬರ್ತಿದ್ದೆ."

ಅಪ್ಪ ಅವನ ತಲೆಗೆ ಮೆಲ್ಲಗೆ ಬಡಿದು, "ಬಿಗಿ ಐತೆ," ಎಂದು ನಕ್ಕ. ಅಷ್ಟು ಬಾಯಿ ತುಂಬ ನಕ್ಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಥವಾ ನೋಡಿದ್ದೆ, ನೆನಪಿಟ್ಟುಕೊಳ್ಳಲಿಲ್ಲ.

"ನನ್ನ ಒಂದಿನನಾದ್ರೂ ಹಿಂಗೆ ಕೂರಿಸ್ಕೊಂಡಿದ್ಯಾ ಅಪ್ಪ?" ಎಂದೆ. ತಮಾಷೆಯಾಗಿ ಕೇಳಬೇಕೆಂದಿದ್ದೆ. ಹಾಗೆ ಬರಲಿಲ್ಲ.

ಅವನಿಗೆ ಆಶ್ಚರ್ಯವಾಯಿತು. "ಕೂರಿಸ್ಕೊಂಡಿದ್ನಲ್ಲ ತಾಯಿ. ಇದೇ ದಾರಿ. ನಿಂಗೆ ಮೂರೂವರೆ ವರ್ಷ. ಲಂಗದ ತುಂಬ ಶೇಂಗಾ ಸಿಪ್ಪೆ ಹಾಕ್ಕೊಂಡು, ತಳಕು ಸ್ಟೇಷನ್ ಬರೋದ್ರಾಗೆ ನಿದ್ದೆ ಹೋಗಿದ್ದೆ. ತಳಕಿಗೇ ಇಳೀಬೇಕಿತ್ತು. ಎಬ್ಬಿಸಾಕೆ ಮನಸ್ಸು ಬರ್ಲಿಲ್ಲ. ಹಂಗೇ ಮುಂದ್ಕೆ ಹೋದ್ವಿ."

"ಸುಳ್ಳು," ಎಂದೆ.

ನನ್ನ ಗಂಡ ಮೊಬೈಲಿನಿಂದ ತಲೆ ಎತ್ತಿದ. ಅಪ್ಪ ಕಿಟಕಿಯ ಸರಳಿಗೆ ಒಂದು ಸಲ ಗಿಣ್ಣು ತಾಗಿಸಿ, ಸದ್ದಿಗೆ ಕಿವಿಗೊಟ್ಟವನಂತೆ ಕೂತ. ಬಿಗಿ ಅನ್ನಲಿಲ್ಲ, ಸಡ್ಲ ಅನ್ನಲಿಲ್ಲ.

ಮನೆಗೆ ಬಂದು ಅವ್ವನನ್ನು ಕೇಳಿದೆ. "ಹೋಗಿರ್ಬೋದು. ನನ್ನಂತೂ ಕರ್ಕೊಂಡು ಹೋಗ್ಲಿಲ್ಲ."

"ನೆನಪು ಮಾಡ್ಕೊಳವ್ವ."

"ನಿಮ್ಮಪ್ಪ ಎಲ್ಲಿಗ್ ಹೋದ, ಯಾವಾಗ್ ಬಂದ ಅಂತ ನೆನಪಿಟ್ಕೊಂಡಿದ್ರೆ ನಾನು ಸಂಸಾರ ಮಾಡಾಕಾಗ್ತಿತ್ತೇನೆ?"

ರೈಲಿನಲ್ಲಿ ಆಡಿದ ಆ ಮಾತನ್ನು ವಾಪಸು ತೆಗೆದುಕೊಳ್ಳಬಹುದಿತ್ತು. ಅಪ್ಪ ಆಮೇಲೂ ಐದಾರು ತಿಂಗಳು ಇದ್ದ, ದಿನಾ ನನ್ನ ಕೈಯಿಂದಲೇ ಕಾಫಿ ಕುಡಿದ. ತೆಗೆದುಕೊಂಡರೆ ಅಷ್ಟು ವರ್ಷ ಜೋಪಾನ ಮಾಡಿದ ಹೊಟ್ಟೆಕಿಚ್ಚು ಏನಾಗಬೇಕು? ಒಂದು ಬೆಳಿಗ್ಗೆ ಕಾಫಿ ಹಿಡಿದು ಹೋದಾಗ ಅವನು ಏಳಲಿಲ್ಲ.

ನಂದುವಿಗೆ ಈಗ ಎಂಟು. ರೈಲು ಹೋಗಿ ರಾಕೆಟ್ ಬಂದಿದೆ. ಮೊನ್ನೆ ಅಟ್ಟ ಗುಡಿಸುವಾಗ ಮರದ ಸುತ್ತಿಗೆ ಸಿಕ್ಕಿತು.

"ಇದ್ಯಾರದ್ದಮ್ಮ?"

"ನಿಂದೇ. ತಾತ ಮಾಡಿಸಿದ್ದು. ಇದನ್ನೇ ಹಿಡ್ಕೊಂಡು ಮೊಳಕಾಲ್ಮೂರಿಗೆ ರೈಲಿನಾಗೆ ಹೋಗಿದ್ಯಲ್ಲ, ತಾತನ ತೊಡೆ ಮ್ಯಾಲೆ ಕುಂತು."

"ನಾನಾ? ಇಲ್ಲಪ್ಪ."

"ಎದುರಿಗೇ ಕೂತು ನೋಡಿದೀನಿ ಕಣೋ."

"ಸುಳ್ಳು," ಎಂದ ನಂದು, ಸಿಟ್ಟಿಲ್ಲದೆ, ನಗುತ್ತಲೇ. ಸುತ್ತಿಗೆ ನನ್ನ ಕೈಗಿಟ್ಟು ಅಂಗಳಕ್ಕೆ ಇಳಿದ. ಈಗ ಕುಪ್ಪಳಿಸುವುದಿಲ್ಲ, ಕಾಲು ಉದ್ದವಾಗಿವೆ. ಒಂದು ಮೊಳ, ಮೇಲೊಂದು ಗೇಣು.

ಇದರಿಂದ ಯಾವುದೂ ಸಾಬೀತಾಗುವುದಿಲ್ಲ. ಅಪ್ಪ ಆ ಶೇಂಗಾ ಸಿಪ್ಪೆಯನ್ನು ನನ್ನ ಸಮಾಧಾನಕ್ಕೆ ಅಲ್ಲೇ ಹುಟ್ಟಿಸಿ ಹೇಳಿರಬಹುದು. ರೈಲಿನ ಸೀಟಿಯನ್ನು ಎಣ್ಣೆ ಮಿಲ್ಲಿನದು ಎಂದವನು ಅವನು. ಆದರೆ ನಂದುವಿನ ಮೇಲೆ ನನಗೀಗ ಹೊಟ್ಟೆಕಿಚ್ಚಿಲ್ಲ. ಪಾಪ, ಅವನ ನೆನಪಿನಲ್ಲೂ ಏನೂ ಉಳಿದಿಲ್ಲ. ಇರುವ ಕಿಚ್ಚೆಲ್ಲ ಆ ಹುಡುಗಿಯ ಮೇಲೆ, ಎಬ್ಬಿಸಲು ಮನಸ್ಸು ಬಾರದ ಹಾಗೆ ಅಪ್ಪನ ತೊಡೆಯ ಮೇಲೆ ಮಲಗಿ, ಇಳಿಯಬೇಕಾದ ಊರನ್ನು ದಾಟಿ ಹೋದವಳ ಮೇಲೆ.