ನೀಲಿ ಬೆಳಕು ಬೀಳದ ಮಗ್ಗುಲು

ಆಸ್ಪತ್ರೆಯ ಲ್ಯಾಬಿನಲ್ಲಿ ಅವಳ ದಿನ ಶುರುವಾಗುವುದು ಇನ್‌ಕ್ಯುಬೇಟರಿನ ಬಾಗಿಲು ತೆರೆಯುವುದರಿಂದ. ಬೆಚ್ಚಗೆ ಇಟ್ಟ ಗಾಜಿನ ತಟ್ಟೆಗಳಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟು ಬೆಳೆದಿದೆ ಎಂದು ನೋಡಿ ಹೇಳುವುದೇ ಕೆಲಸ. ಜೊತೆಯವರು ‘ತಟ್ಟೆ ಅಕ್ಕ’ ಎಂದೇ ಕರೆಯುತ್ತಾರೆ. ಅಂದು ಎರಡು ತಟ್ಟೆಗಳು ಮಾತ್ರ ರೋಗಿಗಳವಲ್ಲ. ಲ್ಯಾಬಿನ ಮುಖ್ಯಸ್ಥರನ್ನು ಕೇಳಿಕೊಂಡೇ ಇಟ್ಟಿದ್ದ, ಗಂಡನ ಕ್ಷೌರದಂಗಡಿಯಿಂದ ಒರೆಸಿ ತಂದ ಮಾದರಿಯ ತಟ್ಟೆಗಳು.

ಒಂದರಲ್ಲಿ ಹುಡುಕಿದರೆ ಸಿಗುವ ಎರಡು ಚುಕ್ಕೆ. ಇನ್ನೊಂದರಲ್ಲಿ ಸಾಸಿವೆ ಚೆಲ್ಲಿದ ಹಾಗೆ.

ಅಂಗಡಿಯಲ್ಲಿ ಗಡ್ಡ ಬಾಚಿ ಟ್ರಿಮ್ ಮಾಡಿಸಿಕೊಂಡ ಮೇಲೆ ಪಕ್ಕದ ಮಳಿಗೆಯ ಟೈಲರ್‌ಗೆ ಗಲ್ಲದ ಮೇಲೆ ಕುರು ಎದ್ದಿತ್ತು. ಅದರ ಬೆನ್ನಿಗೇ ಇನ್ನೊಬ್ಬ ಗಿರಾಕಿಗೂ. ಮಾತು ಬೀದಿಗೆ ಬಿತ್ತು. ಕಾಯಂ ಗಿರಾಕಿಗಳು ಅಂಗಡಿ ಮುಂದೆ ತಲೆ ತಗ್ಗಿಸಿಕೊಂಡು ದಾಟತೊಡಗಿದರು. ಹೀಗೇ ಹೋದರೆ ಅಂಗಡಿ ನಿಲ್ಲುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

“ನನ್ನ ಸಾಮಾನಿನ ಮೇಲೆ ಬೆರಳು ತೋರಿಸ್ಬೇಡ,” ಎಂದಿದ್ದ ಗಂಡ. ಕನ್ನಡಿಯ ಪಕ್ಕದ ನೀಲಿ ಬೆಳಕಿನ ಪೆಟ್ಟಿಗೆ ಅವನ ಹೆಮ್ಮೆ. ಅದರ ಅತಿನೇರಳೆ ಕಿರಣಕ್ಕೆ ರೋಗಾಣು ಸಾಯುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. “ಬಾಚಣಿಗೆಗಳು ರಾತ್ರಿಯೆಲ್ಲ ಅದರೊಳಗೇ ಇರ್ತವೆ. ಒಂದು ಹುಳಾನೂ ಉಳಿಯಲ್ಲ.”

“ಹಾಗಾದ್ರೆ ಒಂದು ಬಾಚಣಿಗೆ ಕೊಡಿ, ನೋಡೇಬಿಡೋಣ.”

“ಒಂದ್ಯಾಕೆ, ಹತ್ತು ತಗೊಂಡ್ಹೋಗು!”

ಸಂಜೆ ಅವಳು ನೇರ ಅಂಗಡಿಗೆ ಬಂದು ಮೊಬೈಲಿನಲ್ಲಿ ತಟ್ಟೆಗಳ ಫೋಟೋ ತೋರಿಸಿದಳು.

“ಇದು ಯಾರ ಬಾಚಣಿಗೆ?” ಅವನು ಸಾಸಿವೆ ತಟ್ಟೆಯತ್ತ ಮುಖ ಸಿಂಡರಿಸಿದ.

“ಎರಡೂ ಒಂದೇ ಬಾಚಣಿಗೆ ಕಣ್ರೀ. ಅದು ಮೇಲ್ಮಗ್ಗುಲು, ಇದು ಅಡಿ.”

ಅವಳು ಸ್ವಿಚ್ ಆರಿಸಿ ಪೆಟ್ಟಿಗೆ ತೆರೆದಳು. ಗೀರು ಬೀಳಬಾರದೆಂದು ಮಡಚಿ ಹಾಸಿದ ಟವೆಲ್, ಅದರ ಮೇಲೆ ಒಂದರ ಮೇಲೊಂದು ಪೇರಿಸಿದ ಬಾಚಣಿಗೆಗಳು, ಹಲ್ಲುಗಳ ಸಂದಿಯಲ್ಲಿ ಎಣ್ಣೆ, ಕೂದಲು. ಆ ಕಿರಣ ತಾನು ಬಿದ್ದಲ್ಲಿ ಬ್ಯಾಕ್ಟೀರಿಯಾದ ಒಳಹೊಕ್ಕು, ಅದು ಮುಂದೆ ಒಂದಕ್ಕೆರಡಾಗಿ ಹೆಚ್ಚದಂತೆ ಮಾಡುತ್ತದೆ. ಬೀಳದ ಕಡೆ ಏನೂ ಮಾಡುವುದಿಲ್ಲ. ಟವೆಲ್ಲನ್ನಾಗಲಿ, ಎಣ್ಣೆಯ ಜಿಡ್ಡನ್ನಾಗಲಿ ದಾಟಿ ಹೋಗಲಾರದು.

“ಒಗೆದ ಬಟ್ಟೇನ ಮಡಚಿಟ್ಟು ಒಣಗಿಸ್ತೀರಾ? ಇದೂ ಹಾಗೇ,” ಎಂದಳು.

ಅವನು ಕುರ್ಚಿಯಲ್ಲಿ ಕೂತುಬಿಟ್ಟ. “ಅಂದ್ರೆ ಟೈಲರ್ ಕುರುಗೆ ನಾನೇ ಕಾರಣಾನಾ?”

“ಅದನ್ನ ತಟ್ಟೆ ಹೇಳಲ್ಲ. ಅವರ ಕೀವು ಯಾರೂ ಪರೀಕ್ಷೆ ಮಾಡಿಲ್ಲ. ಬಾಚಣಿಗೆ ಚೊಕ್ಕಟ ಇಲ್ಲ ಅನ್ನೋದಂತೂ ನಿಜ.”

“ಜನಕ್ಕೆ ಏನಂತ ಹೇಳ್ಲಿ?”

“ಇದ್ದದ್ದನ್ನ ಇದ್ದ ಹಾಗೆ. ಪೆಟ್ಟಿಗೆ ಬಗ್ಗೆ ಅಷ್ಟು ಕೊಚ್ಚಿಕೊಂಡ ಬಾಯಿಗೆ ಇದೇನು ಕಷ್ಟ?”

ಅವನಿಗೆ ನಗು ತಡೆಯಲಾಗಲಿಲ್ಲ. ಎದ್ದು ನೇರ ಪಕ್ಕದ ಮಳಿಗೆಗೆ ಹೋದ. ಅವಳಿಗೆ ಬಾಗಿಲಿನಿಂದ ಎಲ್ಲ ಕೇಳಿಸುತ್ತಿತ್ತು.

“ತಪ್ಪಾಗಿದೆ ಅಣ್ಣಾ. ಬಾಚಣಿಗೆ ಸರಿಯಾಗಿ ತೊಳೀದೆ ಲೈಟಿಗೆ ಇಡ್ತಿದ್ದೆ. ಇವಳು ಲ್ಯಾಬಲ್ಲಿ ಪರೀಕ್ಷೆ ಮಾಡಿ ತೋರಿಸಿದ್ಲು.”

ಟೈಲರ್ ಹೊಲಿಗೆ ನಿಲ್ಲಿಸಿದ. “ಮೊದಲೇ ಹೆಂಡತಿ ಮಾತು ಕೇಳೋದಲ್ವೇನಯ್ಯಾ? ಆಯ್ತು, ಅವಳು ಸರಿ ಅಂದ ಮೇಲೆ ಗಲ್ಲ ಕೊಡ್ತೀನಿ.”

ಗಂಡ ಟವೆಲ್ ಕಿತ್ತು ತಂತಿಯ ಜಾಲರಿ ಕೂರಿಸಿದ. ಬಾಚಣಿಗೆಗಳನ್ನು ಸೋಪಿನ ನೀರಲ್ಲಿ ತಿಕ್ಕಿ, ಔಷಧಿ ನೀರಲ್ಲಿ ನೆನೆಸಿ, ಒಣಗಿಸಿ, ಬಿಡಿಬಿಡಿಯಾಗಿ ಇಟ್ಟು, ನಡುವೆ ಒಮ್ಮೆ ಮಗುಚಿದ. ಅವಳು ಎರಡೂ ಮಗ್ಗುಲಿನಿಂದ ಹೊಸ ಮಾದರಿ ಒರೆಸಿಕೊಂಡಳು. ಈ ಸಲ ತಟ್ಟೆ ಖಾಲಿಯೇ ಇರುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಆದರೂ ಪರೀಕ್ಷೆ ಪರೀಕ್ಷೆಯೇ.

ಫಲಿತಾಂಶ ಇನ್ನೆರಡು ದಿನಕ್ಕೆ, ಗುರುವಾರ ಬರುತ್ತದೆ. ಅಲ್ಲಿಯವರೆಗೆ ಅಂಗಡಿ ಮುಚ್ಚಿರುತ್ತದೆ.